ಮೊಣಕೈಯ ಮುನಿಸು

ಹಲ್ಲುನೋವು, ನೆಗಡಿಗಳನ್ನು ಕುರಿತು ಬರೆದವರಿದ್ದಾರೆ. ಮೊಣಕೈಯನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ತಂದಂತಿಲ್ಲ. ನಾನೂ ತರುತ್ತಿರಲಿಲ್ಲ. ಆದರೆ ಒಂದು ನಡುರಾತ್ರಿ ಎಡಗೈಯ ಕಿರುಬೆರಳು ಜೋಮು ಹಿಡಿದು ನನ್ನನ್ನು ಎಬ್ಬಿಸಿತು.

ಎಡಗೈಗೆ ಏನಾದರೂ ಹೃದಯದ ಮೇಲೇ ಅನುಮಾನ ಪಡುವ ವಯಸ್ಸು ನನ್ನದು. ಮನೆಯವಳನ್ನು ಎಬ್ಬಿಸಲಿಲ್ಲ. ಬೆಳಿಗ್ಗೆ ಒಂದು ಹಾಳೆಯಲ್ಲಿ ಬ್ಯಾಂಕಿನ ಲೆಕ್ಕ, ವಿಮೆಯ ನಂಬರು, ಹಾಲಿನವನ ಬಾಕಿ ಎಲ್ಲವನ್ನೂ ಬರೆದು ಜೇಬಿನಲ್ಲಿ ಇಟ್ಟುಕೊಂಡೆ. ಹದಿನೈದು ದಿನ ಹೀಗೇ ಕಳೆಯಿತು. ಕೊನೆಗೆ ಕಾಫಿಯ ಲೋಟ ಕೈಜಾರಿ ಬಿದ್ದಾಗ ಅವಳೇ ನನ್ನನ್ನು ಡಾಕ್ಟರ ಬಳಿಗೆ ಹೊರಡಿಸಿದಳು.

ಇ.ಸಿ.ಜಿ. ಸರಿಯಾಗಿತ್ತು. "ಯಾವ ಯಾವ ಬೆರಳು, ರಾಯರೇ?" ಎಂದರು ಡಾಕ್ಟರು.

"ಕಿರುಬೆರಳು ಪೂರ್ತಿ, ಉಂಗುರದ ಬೆರಳು ಅರ್ಧ."

ಆ 'ಅರ್ಧ' ಕೇಳಿ ಅವರ ಮುಖ ಅರಳಿತು. ಅದು ಅಲ್ನರ್ ನರದ ಸರಹದ್ದಂತೆ. ಕುತ್ತಿಗೆಯಿಂದ ಇಳಿದುಬರುವ ಈ ನರ ಮೊಣಕೈಯ ಒಳಬದಿಯ ಮೂಳೆಯ ಹಿಂದೆ, ಚರ್ಮದ ಕೆಳಗೇ, ಒಂದು ಇಕ್ಕಟ್ಟಾದ ಓಣಿಯಲ್ಲಿ ಹಾಯುತ್ತದೆ. ಬಾಗಿಲಿಗೆ ಮೊಣಕೈ ತಾಗಿ 'ಝುಮ್' ಎಂದಾಗ ನಾವು ಮೂಳೆಯನ್ನು ಬೈಯುತ್ತೇವೆ; ನೊಂದದ್ದು ನರ. ಆ ಓಣಿಗೆ 'ಕ್ಯುಬಿಟಲ್ ಟನಲ್' ಎಂದು 1958ರಲ್ಲಿ ಹೆಸರಿಟ್ಟವರು ಫೈಂಡೆಲ್ ಮತ್ತು ಸ್ಟ್ರಾಟ್‌ಫರ್ಡ್ ಎಂಬ ಕೆನಡಾದ ವೈದ್ಯರು. ಕೈ ಮಡಿಸಿದಷ್ಟೂ ಓಣಿ ಕಿರಿದಾಗುತ್ತದೆ, ನರ ಎಳೆದಂತಾಗುತ್ತದೆ. ನಾನೋ, ರಾತ್ರಿ ಕೈ ಮಡಿಸಿ ತಲೆಗೆ ಕೊಟ್ಟು ಮಲಗುವವನು. ಹಗಲು ಕುರ್ಚಿಯ ಕೈಗೆ ಮೊಣಕೈ ಊರಿ ಪತ್ರಿಕೆ ಓದುವವನು. ಸಂಜೆ ಮಗಳೊಡನೆ ಗಂಟೆಗಟ್ಟಲೆ ಫೋನು ಕಿವಿಗೆ ಒತ್ತಿ ಕೂರುವವನು.

"ಒಂದು ಕಾಗದ ಕೊಡಿ" ಎಂದರು. ಫ್ರಾನ್ಸಿನ ಫ್ರೋಮಾಂ ಎಂಬ ವೈದ್ಯರು 1915ರಲ್ಲಿ ವಿವರಿಸಿದ ಪರೀಕ್ಷೆಯಂತೆ. ಜೇಬಿಗೆ ಕೈಹಾಕಿದೆ, ಸಿಕ್ಕಿದ್ದು ಅದೇ ಹಾಳೆ. ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದುಕೊಳ್ಳಬೇಕು, ಅವರು ಎಳೆಯುತ್ತಾರೆ. ಬಲಗೈ ಬಿಡಲಿಲ್ಲ. ಎಡಗೈಯ ಹೆಬ್ಬೆರಳು ತುದಿ ಬಾಗಿಸಿ ಒದ್ದಾಡಿ ಸೋತಿತು. ಹಾಳೆ ಜಾರಿ ಮನೆಯವಳ ಮಡಿಲಿಗೆ ಬಿತ್ತು.

ಅವಳು ಓದಿದಳು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಲಿನವನ ಬಾಕಿ ನನಗೆ ಗೊತ್ತಿಲ್ಲವೇನೂಂದ್ರೆ?" ಎಂದಳು. ಕಣ್ಣು ಒದ್ದೆಯಾಗಿತ್ತು.

ಹೆಬ್ಬೆರಳ ಪಕ್ಕದ ಮಾಂಸ ಇನ್ನೂ ಬತ್ತಿಲ್ಲವೆಂದು ಡಾಕ್ಟರು ಧೈರ್ಯ ಹೇಳಿದರು. ಬತ್ತಿದ ಮೇಲೆ ಶಸ್ತ್ರಚಿಕಿತ್ಸೆಯಾದರೂ ಹೋದ ಬಲ ಪೂರ್ತಿ ಮರಳುವ ಭರವಸೆಯಿಲ್ಲ. ಸುಮ್ಮನಿದ್ದು ಕಾಲ ಕಳೆಯಬಾರದು ಎಂದರು. ನರದಲ್ಲಿ ವಿದ್ಯುತ್ತು ಹರಿಸಿ ನೋಡುವ ಪರೀಕ್ಷೆಯೂ ಆಯಿತು. ಸದ್ಯಕ್ಕೆ ಮೊಣಕೈ ಊರುವಂತಿಲ್ಲ, ಬಹಳ ಹೊತ್ತು ಮಡಿಸುವಂತಿಲ್ಲ. ರಾತ್ರಿ ಕೈ ಮಡಿಯದಂತೆ ಟವೆಲ್ಲೊಂದನ್ನು ಸಡಿಲವಾಗಿ ಸುತ್ತಿಕೊಳ್ಳಬೇಕು.

ಮೂರು ತಿಂಗಳಾಯಿತು. ಲೋಟ ಈಗ ಜಾರುವುದಿಲ್ಲ. ಉಂಗುರದ ಬೆರಳಿನ ಅರ್ಧ ಮಾತ್ರ ಆಗಾಗ ಮುನಿಯುತ್ತದೆ. ದಿನವೂ ಟವೆಲ್ ಸುತ್ತುವವಳು ಅವಳೇ. ಸುತ್ತಿದ ಮೇಲೆ, "ಬೇರೆ ಎಲ್ಲಾದರೂ ಜೋಮು ಇದೆಯೇ?" ಎಂದು ತಪ್ಪದೆ ಕೇಳುತ್ತಾಳೆ. ನಾನೂ ಈಗ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ.