ಔಟಾದವನ ಬದಲಿ

ಸುಗ್ಗಿ ಮುಗಿದ ಮೇಲೆ ನಮ್ಮ ಸಿರಿಗೇರಿ, ಸಿರುಗುಪ್ಪ ಕಡೆ ಕಬಡ್ಡಿ ನಡೆದರೆ ಅಂಕಣದ ಸುತ್ತ ನಿಂತವರೆಲ್ಲ ಅಂಪೈರೇ. ಜಗಳ ಹತ್ತೋದು ಹೆಚ್ಚಾಗಿ ಬದಲಿ ಆಟಗಾರನ ವಿಷಯಕ್ಕೆ. "ಸಾರ್, ಅವ್ನು ಹೆಂಗೂ ಔಟಾಗಿ ಹೊರಗ ಕುಂತಾನ, ಅವನ ಬದಲಿ ಇವನ್ನ ಇಳಿಸ್ತೀವಿ" ಅಂತ ಒಬ್ಬನಾದರೂ ಕೇಳೇ ಕೇಳ್ತಾನೆ.

ರೆಫರಿ ಒಪ್ಪುವ ಹಾಗಿಲ್ಲ. ತಂಡಕ್ಕೆ 12 ಜನ, ಒಳಗೆ 7, ಉಳಿದ 5 ಬದಲಿ. ಟೈಮ್‌ಔಟ್‌ನಲ್ಲೋ ವಿರಾಮದಲ್ಲೋ ರೆಫರಿಗೆ ಹೇಳಿ ಬದಲಿಸಬಹುದು, ತೆಗೆದವನನ್ನೇ ಮತ್ತೆ ಇಳಿಸಲೂಬಹುದು. ಔಟಾದವನಿಗೆ ಮಾತ್ರ ಬದಲಿ ಇಲ್ಲ. ಇದ್ದಿದ್ದರೆ ರೇಡರ್ ಜೀವ ಬಿಗಿಹಿಡಿದು ಮುಟ್ಟಿ ಬಂದಿದ್ದಕ್ಕೆ ಏನು ಬೆಲೆ?

ಅಮೆರಿಕನ್ ಫುಟ್‌ಬಾಲ್ ರೆಫರಿಗಳ ತಲೆನೋವೇ ಬೇರೆ. ಅಲ್ಲಿ ಆಟ ನಿಂತಾಗಲೆಲ್ಲ ಎಷ್ಟು ಮಂದಿಯನ್ನಾದರೂ ಬದಲಿಸಬಹುದು. ಹಾಗಾಗಿ ಪ್ರತಿ ಸಲವೂ ತಲೆ ಎಣಿಸಬೇಕು. 11ರ ಜಾಗದಲ್ಲಿ 12 ಮಂದಿ ಕಂಡರೆ 5 ಗಜ ದಂಡ.

ನಮ್ಮಲ್ಲಿ ಎಣಿಕೆಗಿಂತ ಸರದಿ ಮುಖ್ಯ. ಎದುರಾಳಿ ಔಟಾದಾಗ, ಮೊದಲು ಹೋದವನೇ ಮೊದಲು ವಾಪಸ್. ಅದನ್ನು ಬರೆದಿಡೋನು ಸಹಾಯಕ ಸ್ಕೋರರ್. ಚಪ್ಪಾಳೆ ರೇಡರ್‌ಗೆ, ಬೈಗುಳ ರೆಫರಿಗೆ. ಧೂಳಿನಲ್ಲಿ ಪೆನ್ನು ಹಿಡಿದು ಕೂತ ಈ ಪುಣ್ಯಾತ್ಮನನ್ನು ಕೇಳೋರಿಲ್ಲ. ಒಂದು ಅಂಗಿ ನಂಬರು ಹಿಂದುಮುಂದಾದರೆ, ಒಳಗೆ ಬರಬೇಕಾದ ಒಳ್ಳೆ ರೇಡರ್ ಹೊರಗೇ ಉಳಿದುಬಿಡ್ತಾನೆ!

ಕಮಿಟಿಯವರೇ, ಮುಂದಿನ ಸಲ ಶಾಲು ತರುವಾಗ ಅವನಿಗೂ ಒಂದು ತನ್ರಿ.