ಕೆಟಲ್ ಕಷಾಯ ಮತ್ತು ನಾಲ್ಕನೇ ದಿನ

ನಮ್ಮ ಹಾಸ್ಟೆಲ್ ರೂಮಿನಲ್ಲಿ ಒಂದು ಕೆಟಲ್ ಇದೆ. ರೂಲ್ಸ್ ಪ್ರಕಾರ ಇರಬಾರದು, ಆದರೂ ಇದೆ. ಅದರಲ್ಲಿ ಮ್ಯಾಗಿ ಬಿಟ್ಟರೆ ಹೆಚ್ಚು ಕುದಿಯೋದು ಕಷಾಯ. ಶಿರಸಿ ಕಡೆಯ ರೂಮ್‌ಮೇಟ್‌ಗೆ ಅವನ ಅಮ್ಮ ಪ್ರತಿ ಸೆಮಿಸ್ಟರ್ ಒಂದು ಡಬ್ಬ ಕಷಾಯದ ಪುಡಿ ಕಟ್ಟಿ ಕಳಿಸ್ತಾರೆ. ಕೊತ್ತಂಬರಿ, ಜೀರಿಗೆ, ಮೆಣಸಿನಕಾಳು, ಒಣಶುಂಠಿ ಎಲ್ಲಾ ಹುರಿದು ಪುಡಿ ಮಾಡಿದ್ದು. ನೀರಲ್ಲಿ ಕುದಿಸಿ, ಬೆಲ್ಲ ಹಾಕಿ, ಹಾಲು ಬೆರೆಸಿದರೆ ಮುಗೀತು. ನೆಗಡಿ ಇರಲಿ, ಮೆಸ್ ಊಟದಿಂದ ಹೊಟ್ಟೆ ಕೆಟ್ಟಿರಲಿ, ಇಂಟರ್ನಲ್ಸ್ ಭಯ ಇರಲಿ, ನಮಗೆ ಅದೊಂದೇ ಮದ್ದು.

ಹೋದ ಮಳೆಗಾಲದಲ್ಲಿ ನಮ್ಮ ಬಿಜಾಪುರದ ಗೆಳೆಯನಿಗೆ ಜ್ವರ ಬಂತು. ಮೈಕೈ ನೋವು, ಕಣ್ಣಿನ ಹಿಂದೆ ನೋವು. "ವೈರಲ್ ಇರ್ಬೇಕು ಬಿಡೋ" ಅಂತ ನಾವೇ ತೀರ್ಮಾನಿಸಿ, ದಿನಕ್ಕೆ ನಾಲ್ಕು ಲೋಟ ಕಷಾಯ ಕುಡಿಸಿದೆವು. ನಾಲ್ಕನೇ ದಿನ ಬೆಳಗ್ಗೆ ಜ್ವರ ಇಳಿಯಿತು. "ನೋಡಿದ್ಯಾ ಕಷಾಯದ ಪವರ್!" ಅಂತ ಬೀಗಿದ್ದೂ ನಾವೇ. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ. "ನಿಂದ್ರಾಕೂ ಆಗವಲ್ದೋ" ಅಂದ. ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ಡೆಂಗಿ. ಐದು ದಿನ ಅಡ್ಮಿಟ್.

ಡಾಕ್ಟರ್ ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು, ರಕ್ತನಾಳಗಳಿಂದ ಪ್ಲಾಸ್ಮಾ ಸೋರಿ ಬಿಪಿ ಕುಸಿಯೋದು ಆಗಲೇ ಅಂತ ಬಿಡಿಸಿ ಹೇಳಿದರು. ನಾವು ಕಷಾಯದ ಗೆಲುವು ಅಂದುಕೊಂಡದ್ದು ಕಾಯಿಲೆಯ ಮುಂದಿನ ಹೆಜ್ಜೆಯಾಗಿತ್ತು.

"ಕಷಾಯ ಕೊಟ್ಟಿದ್ದು ತಪ್ಪಾ ಸಾರ್?" ಅಂತ ಕೇಳಿದೆವು.

"ಕೊಟ್ಟಿದ್ದು ತಪ್ಪಲ್ಲಪ್ಪಾ. ಅದನ್ನೇ ನಂಬಿ ರಕ್ತಪರೀಕ್ಷೆ ಮಾಡಿಸದೆ ಕೂತಿದ್ದು ತಪ್ಪು" ಅಂದರು.

ಆಮೇಲೆ ನಾವು ಒಂದಿಷ್ಟು ಓದಿಕೊಂಡೆವು. ಬಿಸಿ ಕಷಾಯ ಗಂಟಲಿಗೆ ಹಿತ, ಮೈಗೆ ನೀರು ಸೇರುತ್ತದೆ, ಶುಂಠಿ ವಾಕರಿಕೆ ತಗ್ಗಿಸುತ್ತದೆ. ಆದರೆ ಅದು ಡೆಂಗಿ ವಾಸಿಮಾಡೋದಿಲ್ಲ. ಗಿಡಮೂಲಿಕೆ ಅಂದಮಾತ್ರಕ್ಕೆ ಎಷ್ಟು ಕುಡಿದರೂ ಸೇಫ್ ಅಂತಲೂ ಅಲ್ಲ. ಜೇಷ್ಠಮಧು ಅತಿಯಾದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರ ಲಿವರ್‌ಗೆ ಪೆಟ್ಟಾದದ್ದನ್ನು 2021ರಲ್ಲಿ ಮುಂಬೈನ ವೈದ್ಯರು ವರದಿ ಮಾಡಿದ್ದರು.

ಶಿರಸಿಯ ಡಬ್ಬ ಈಗಲೂ ಬರುತ್ತದೆ. ಅದರ ಪಕ್ಕದಲ್ಲಿ ಒಂದು ಥರ್ಮಾಮೀಟರ್ ಇಟ್ಟಿದ್ದೇವೆ. ಜ್ವರ ಎರಡು ದಿನ ದಾಟಿದರೆ ಆಸ್ಪತ್ರೆ, ವಾದ ಇಲ್ಲ. ಈ ರೂಲ್ ಮಾಡಿದವನು ಬಿಜಾಪುರದ ಗೆಳೆಯನೇ. ಮೊನ್ನೆ ನಮ್ಮಲ್ಲೊಬ್ಬನಿಗೆ ಮೈ ಬೆಚ್ಚಗಾದಾಗ ಕಷಾಯ ಮಾಡಿ ಕೊಟ್ಟವನೂ ಅವನೇ. "ಮೊದ್ಲು ಇದ್ ಕುಡಿ, ನಾಳಿಗಿ ಇಳೀಲಿಲ್ಲಂದ್ರ ದವಾಖಾನಿಗಿ ಎಳ್ಕೊಂಡ್ ಹೋಗ್ತೀನಿ" ಅಂದ.