ಹಿಂದಿನ ಅಚ್ಚು

ನಮ್ಮ ತಂದೆಯವರ 1984ರ ಪ್ರೀಮಿಯರ್ ಪದ್ಮಿನಿಯ ಹಿಂದಿನ ಅಚ್ಚು ಇಪ್ಪತ್ತು ವರ್ಷಗಳಿಂದ ನರಳುತ್ತಿದ್ದಿತು. ಅದರೊಳಗಿನ ಕ್ರೌನ್ ಮತ್ತು ಪಿನಿಯನ್ ಎಂಬ ಹಲ್ಲುಚಕ್ರಗಳು ಸವೆದಿದ್ದವು. ಕಾರು ತಯಾರಾದುದು ಮುಂಬಯಿಯ ಕುರ್ಲಾದಲ್ಲಿ. ಅಲ್ಲಿಯ ಗುಜರಿಯಲ್ಲಿಯೇ, ಪದ್ಮಿನಿ ಎಂಬ ಹೆಸರು ಬರುವ ಮುಂಚಿನ ಫಿಯೆಟ್ 1100ರ ಅಚ್ಚೊಂದು ದೊರೆಯಿತು.

ಅದರ ಪಿನಿಯನ್ ಮಾತ್ರ ತೆಗೆದು ನಮ್ಮದಕ್ಕೆ ಹಾಕಬಾರದೇ ಎಂದು ಕೇಳಿದೆನು. ಹಸ್ತಪ್ರತಿಗಳ ಪಾಠ ಕೂಡಿಸುವವನ ಚಾಳಿ! ಮಿಸ್ತ್ರಿಯವರು ಒಪ್ಪಲಿಲ್ಲ. ಅವೆರಡೂ ಒಂದನ್ನೊಂದು ಉಜ್ಜಿ ಹದಗೊಂಡ ಜೋಡಿ, ಅಗಲಿಸಿದರೆ ಮತ್ತೆ ಕೂಗುತ್ತವೆ ಎಂದರು. ಗಾಲಿಗಳೆರಡನ್ನೂ ಒಂದು ಸುತ್ತು ತಿರುಗಿಸಿ ಪಿನಿಯನ್ ಎಷ್ಟು ಸುತ್ತುವುದೆಂದು ಎಣಿಸಿದೆವು. ಎರಡು ಅಚ್ಚುಗಳ ಲೆಕ್ಕವೂ ಒಂದೇ. ಇಲ್ಲವಾದರೆ ವೇಗಮಾಪಕ ಸುಳ್ಳಾಡುತ್ತಿದ್ದಿತು. ಯು-ಬೋಲ್ಟುಗಳು ಸರಾಗವಾಗಿ ಕುಳಿತವು. ಬ್ರೇಕಿನ ಕೊಳವೆಗೆ ಮಾತ್ರ ಒಂದು ಹಗಲು ಹಿಡಿಯಿತು.

ತಂದೆಯವರಿದ್ದಾಗಿನಿಂದಲೂ ಕೆಳಗೆ ಆ ನರಳು ಕೇಳಿದೊಡನೆ ಅಮ್ಮ ಚಹಕ್ಕೆ ನೀರಿಡುತ್ತಿದ್ದಳು. ಅಂದು ಸಂಜೆ ನಾನು ಬಂದು, ಕೈಕಾಲು ತೊಳೆದು ಕುಳಿತ ಮೇಲೆ ತಲೆಯೆತ್ತಿ ನೋಡಿದಳು.

"ಯಾವಾಗ ಬಂದ್ಯೋ? ಗೊತ್ತೇ ಆಗ್ಲಿಲ್ಲ."

ಮರುದಿನ ಮಿಸ್ತ್ರಿಯವರಿಗೆ ಫೋನು ಮಾಡಿ, ಹಳೆಯ ಅಚ್ಚನ್ನು ಗುಜರಿಗೆ ಹಾಕಬೇಡಿರೆಂದೆನು.